ಮಂಡೂಕಾಂಡದ ಲೋಳೆಯೂ ಅದರ ಲವಣಗಳೂ

ಕಪ್ಪೆಯ ಮೊಟ್ಟೆಗಳನ್ನು ಆವರಿಸಿರುವ ಲೋಳೆಯು ಕೇವಲ ರಕ್ಷಾಕವಚವೆಂದೆಣಿಸುವುದು ಅರ್ಧಸತ್ಯವೇ ಸರಿ. (ಇದಕ್ಕೆ ‘ಅಂಡವೇಷ್ಟನ’ವೆಂಬ ಹೊಸ ಸಮಾಸವು ಬೇಕಿಲ್ಲ, ದೇಶ್ಯಪದವೇ ಸಮರ್ಥವಾಗಿದೆ.) ಅಂಡಾಶಯದಿಂದ ಹೊರಟ ಮೊಟ್ಟೆಗೆ ಲೋಳೆಯಿರುವುದಿಲ್ಲ. ಅದು ಅಂಡನಾಳದಲ್ಲಿ ಇಳಿಯುತ್ತಿರುವಾಗ ಆ ನಾಳದ ಸ್ರಾವವು ಪದರಪದರವಾಗಿ ಸುತ್ತಿಕೊಳ್ಳುವುದು. ನಾಳವನ್ನು ಹೊಗುವ ಮುನ್ನವೇ ತೆಗೆದ ಮೊಟ್ಟೆಯಲ್ಲಿ ಗರ್ಭಾಧಾನವಾಗದು. ಆದರೆ ಆಗ ಅಂಡದ ಒಳಪೊರೆಯೂ ಅಪಕ್ವವಾಗಿರುವುದರಿಂದ, ಇಷ್ಟರಿಂದಲೇ ಲೋಳೆಯ ಪಾತ್ರವು ಸಿದ್ಧವಾಗಲಿಲ್ಲ.

ಜಪಾನಿನ ನೆಲಗಪ್ಪೆಯನ್ನು ಪರೀಕ್ಷಿಸಿದ ಕಟಗಿರಿ ಮತ್ತು ಅವರ ಸಹಚರರು 1984ರಲ್ಲಿ ಪ್ರಕಟಿಸಿದ ಫಲಿತಾಂಶವು ಸಂಶಯವನ್ನು ಬಹುಮಟ್ಟಿಗೆ ನೀಗಿಸಿತು. ಪಕ್ವವಾದ ಮೊಟ್ಟೆಯ ಲೋಳೆಯನ್ನು ಕಳೆದರೂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸಾಕಷ್ಟು ಒದಗಿಸಿದಲ್ಲಿ ಗರ್ಭಾಧಾನವು ನಡೆಯುವುದು. ಲೋಳೆಯಿದ್ದೂ ಅದರೊಳಗಿನ ಈ ಲವಣಾಂಶವು ತೊಳೆದುಹೋದರೆ ನಡೆಯದು. ಎಂದರೆ ಬೇಕಾದುದು ಪಾತ್ರೆಯಲ್ಲ, ಪದಾರ್ಥ.

ಇದರ ಕಾರಣವು ಗಹನವಲ್ಲ. ಮಳೆನೀರಿನ ಹೊಂಡದಲ್ಲಿ ಲವಣಗಳು ಅತ್ಯಲ್ಪ. ಶುಕ್ರಾಣುವಿನ ಶಿರೋಭಾಗದಲ್ಲಿರುವ ಸಣ್ಣ ಕೋಶವು ಒಡೆದು, ಅದರ ರಸವು ಅಂಡದ ಪೊರೆಯನ್ನು ಕರಗಿಸಿದಲ್ಲದೆ ಪ್ರವೇಶವಿಲ್ಲ. ಆ ಕೋಶವು ಒಡೆಯಲು ಕ್ಯಾಲ್ಸಿಯಂ ಬೇಕು. ಲೋಳೆಯ ಅಣುಗಳು ಋಣವಿದ್ಯುದಂಶವುಳ್ಳವಾದುದರಿಂದ ಧನವಿದ್ಯುದಂಶದ ಈ ಲೋಹಕಣಗಳನ್ನು ಹಿಡಿದಿಟ್ಟುಕೊಂಡು, ಬೇಕಾದ ಸ್ಥಳದಲ್ಲಿಯೇ ಒದಗಿಸುತ್ತವೆ. ನೀರಿನಲ್ಲಿ ಬಹಳ ಹೊತ್ತು ನೆನೆದು ಉಬ್ಬಿದ ಮೊಟ್ಟೆಯು ಗರ್ಭಾಧಾನಯೋಗ್ಯತೆಯನ್ನು ಕಳೆದುಕೊಳ್ಳುವುದಕ್ಕೆ ಈ ಸಂಚಯವು ಸೋರಿಹೋಗುವುದೂ ಒಂದು ಕಾರಣ.

ಆದರೂ ನೆಲಗಪ್ಪೆಯ ನ್ಯಾಯವನ್ನು ಉಭಯಚರಗಳಿಗೆಲ್ಲ ಅನ್ವಯಿಸುವುದು ಅತಿವ್ಯಾಪ್ತಿಯಾದೀತು. ಆಫ್ರಿಕಾದ ಉಗುರುಗಪ್ಪೆಯ ಲೋಳೆಯಲ್ಲಿ ಶುಕ್ರಾಣುಗಳನ್ನು ತನ್ನೆಡೆಗೆ ಸೆಳೆಯುವ ‘ಅಲ್ಯೂರಿನ್’ ಎಂಬ ಪ್ರೋಟೀನೂ ಉಂಟು.