ಮಾನ್ಯತೆಯೆಂಬ ಮಾತಿನ ಅರ್ಥ

ಎಂ.ಬಿ.ಎ. ಎಂಬ ವ್ಯಾಪಾರ ನಿರ್ವಹಣೆಯ ಪದವಿಯ ಆಸೆಯು ಈಗ ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಯ ಮನೆಗಳಲ್ಲಿಯೂ ಬೇರೂರಿದೆ. ಎರಡು ವರ್ಷಗಳ ಈ ವ್ಯಾಸಂಗಕ್ಕಾಗಿ ಹೊಲವನ್ನು ಅಡವಿಟ್ಟವರನ್ನೂ ಮನೆಯ ಒಡವೆಗಳನ್ನು ಬ್ಯಾಂಕಿಗೆ ಒಯ್ದವರನ್ನೂ ನಾವು ಬಲ್ಲೆವು. ಇಷ್ಟು ಕಷ್ಟಪಡುವವರು ಕೂಡ, ಜಾಹೀರಾತಿನಲ್ಲಿ 'ಮಾನ್ಯತೆ ಪಡೆದಿದೆ' ಎಂಬುದನ್ನು ಕಂಡೊಡನೆಯೇ ನಿಶ್ಚಿಂತರಾಗುವುದುಂಟು. ಯಾರಿಂದ, ಯಾವುದಕ್ಕೆ, ಎಂದಿನವರೆಗೆ ಎಂದು ಕೇಳುವವರು ವಿರಳ.

ಈ ಒಂದು ಮಾತಿನೊಳಗೆ ಮೂರು ವಿಷಯಗಳು ಅಡಗಿವೆ. ಮೊದಲನೆಯದು ಪದವಿ ಕೊಡುವ ಅಧಿಕಾರ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯಂತೆ, ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಅವಕ್ಕೆ ಸಮಾನವೆಂದು ಪರಿಗಣಿತವಾದ ಸಂಸ್ಥೆಗಳು, ಪಾರ್ಲಿಮೆಂಟು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗಳು, ಇವಿಷ್ಟೇ ಪದವಿಯನ್ನು ಕೊಡಬಲ್ಲವು. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ. ಕೂಡ, ಅಷ್ಟು ಪ್ರಸಿದ್ಧವಾಗಿದ್ದರೂ, 2017ರ ಐ.ಐ.ಎಂ. ಕಾಯಿದೆಯಾಗುವವರೆಗೆ ಎಂ.ಬಿ.ಎ. ಪದವಿಯನ್ನು ಕೊಡುವಂತಿರಲಿಲ್ಲ, ಡಿಪ್ಲೊಮಾವನ್ನು ಕೊಡುತ್ತಿದ್ದಿತು. ಕೀರ್ತಿಯೇ ಬೇರೆ, ಅಧಿಕಾರವೇ ಬೇರೆ. ಅಧಿಕಾರವಿಲ್ಲದವರು ಕೊಟ್ಟ ಪದವಿಯು ಸರ್ಕಾರಿ ಕೆಲಸಕ್ಕಾಗಲಿ ಮುಂದಿನ ವ್ಯಾಸಂಗಕ್ಕಾಗಲಿ ಸಲ್ಲದು.

ಎರಡನೆಯದು ಪಾಠಕ್ರಮವನ್ನು ನಡೆಸುವ ಅನುಮತಿ. ಸ್ವತಂತ್ರ ಖಾಸಗಿ ಸಂಸ್ಥೆಗಳು ಕೊಡುವ ಪಿ.ಜಿ.ಡಿ.ಎಂ. ಎಂಬ ಡಿಪ್ಲೊಮಾಕ್ಕೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಬೇಕು. 1945ರಲ್ಲಿ ಸಲಹಾಸಮಿತಿಯಾಗಿ ಹುಟ್ಟಿದ ಈ ಪರಿಷತ್ತಿಗೆ 1987ರ ಕಾಯಿದೆಯಿಂದ ಶಾಸನಬಲವು ದೊರೆಯಿತು. ಈ ಅನುಮೋದನೆಯು ಕನಿಷ್ಠ ಅನುಕೂಲಗಳಿವೆ ಎಂಬುದಕ್ಕೆ ಗುರುತೇ ಹೊರತು ಪಾಠವು ಉತ್ತಮವೆಂಬುದಕ್ಕಲ್ಲ.

ಮೂರನೆಯದು ಗುಣಪರೀಕ್ಷೆ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನುಳ್ಳ ನ್ಯಾಕ್ ಮಂಡಲಿಯು ಇಡೀ ಸಂಸ್ಥೆಯನ್ನು ತೂಗಿ ನೋಡುತ್ತದೆ. ಅದೇ ವರ್ಷ ಹುಟ್ಟಿದ ಎನ್.ಬಿ.ಎ. ಒಂದೊಂದು ಪಾಠಕ್ರಮವನ್ನೇ ಬೇರೆಯಾಗಿ ಪರೀಕ್ಷಿಸುತ್ತದೆ. ಆದಕಾರಣ ನ್ಯಾಕ್‌ನಿಂದ ಮೇಲ್ದರ್ಜೆ ಪಡೆದ ಕಾಲೇಜಿನಲ್ಲಿ ಎಂ.ಬಿ.ಎ. ವಿಭಾಗವು ಪ್ರತ್ಯೇಕ ಪರೀಕ್ಷೆಗೆ ಒಳಗಾಗದೆಯೇ ಇರಬಹುದು. ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಎ.ಎ.ಸಿ.ಎಸ್.ಬಿ., ಬ್ರಿಟನ್ನಿನಲ್ಲಿ 1967ರಲ್ಲಿ ಹುಟ್ಟಿದ ಎ.ಎಂ.ಬಿ.ಎ., ಇವುಗಳ ಮುದ್ರೆ ಪರದೇಶಕ್ಕೆ ಹೋಗುವವರಿಗೆ ಪ್ರಯೋಜನಕರ. ಆದರೆ ನಮ್ಮ ದೇಶದಲ್ಲಿ ಪದವಿಗೆ ಶಾಸನಬಲವನ್ನು ಅವು ಕೊಡಲಾರವು.

ಸಂಸ್ಕೃತದಲ್ಲಿ 'ಮಾನ್ಯ' ಎಂದರೆ ಗೌರವಕ್ಕೆ ಅರ್ಹವಾದುದು. 'ಪ್ರಮಾಣ'ವಾದರೋ ಅಳೆಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಅಳೆಯದೆ ಗೌರವಿಸುವುದು ಅತಿಥಿಗಳ ವಿಷಯದಲ್ಲಿ ಸಲ್ಲುವುದು; ಕಾಲೇಜಿನ ವಿಷಯದಲ್ಲಿ ಸಲ್ಲದು.

ಆದುದರಿಂದ ತಂದೆತಾಯಿಗಳು ಮೊದಲು ಅಧಿಕಾರವನ್ನೂ, ಅನಂತರ ಅನುಮತಿಯನ್ನೂ, ಕಡೆಯಲ್ಲಿ ಗುಣವನ್ನೂ ವಿಚಾರಿಸತಕ್ಕದ್ದು. ಕಾಲೇಜು ತೋರಿಸುವ ಕಾಗದವೊಂದನ್ನೇ ನಂಬದೆ, ಆಯಾ ಮಂಡಲಿಗಳು ತಮ್ಮ ಅಂತರ್ಜಾಲ ತಾಣಗಳಲ್ಲಿ ಪ್ರಕಟಿಸುವ ಪಟ್ಟಿಗಳಲ್ಲಿ ಹೆಸರನ್ನೂ ಅವಧಿಯನ್ನೂ ನೋಡಬೇಕು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಧನಸಹಾಯ ಆಯೋಗವೇ ಪ್ರಕಟಿಸುತ್ತದೆ. ಇಷ್ಟಾದ ಮೇಲೆ, ಅಲ್ಲಿ ಓದಿ ಬಂದ ನಾಲ್ವರನ್ನು ಕಂಡು ಪಾಠಪ್ರವಚನ ಹೇಗಿದೆಯೆಂದು ಕೇಳುವುದು ಲೇಸು. ಯಾವ ಮುದ್ರೆಯೂ ತಾನಾಗಿ ಪಾಠ ಹೇಳಲಾರದು.

ಹೊಲವನ್ನು ಕೊಳ್ಳುವಾಗ ಪತ್ರವನ್ನು ಹತ್ತು ಜನಕ್ಕೆ ತೋರಿಸುವ ನಾವು, ಅದೇ ಹೊಲವನ್ನು ಅಡವಿಟ್ಟು ಕೊಡಿಸುವ ವಿದ್ಯೆಯ ಪತ್ರವನ್ನು ಒಮ್ಮೆಯಾದರೂ ಓದಬೇಡವೆ?