ಚಿತ್ರ ತಿದ್ದುವ ಕೆಲಸಕ್ಕೆ ಮಿತವ್ಯಯದ ಮಾನಿಟರು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಛಾಯಾಚಿತ್ರಗಳನ್ನು ತಿದ್ದಿ, ಮದುವೆಯ ಆಲ್ಬಮುಗಳನ್ನು ಸಿದ್ಧಪಡಿಸಿ ಸ್ವಂತ ಸಂಪಾದನೆಯನ್ನು ಮಾಡುತ್ತಿರುವದು ಸಂತೋಷದ ಸಂಗತಿಯು. ಇಂಥ ಉದ್ಯೋಗಕ್ಕೆ ತಕ್ಕ ಮಾನಿಟರನ್ನು ಸ್ವಲ್ಪ ಹಣದಲ್ಲಿ ಆರಿಸುವದು ಹೇಗೆಂದು ಅವರೂ ಅವರ ತಾಯಿತಂದೆಗಳೂ ಕೇಳುವದುಂಟು. ಅವರ ಉಪಯೋಗಕ್ಕಾಗಿ ಮುಖ್ಯವಾದ ಕೆಲವು ಸಂಗತಿಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಚಿತ್ರ ತಿದ್ದುವವಳಿಗೆ ಮಾನಿಟರೇ ತಕ್ಕಡಿಯು. ತಕ್ಕಡಿಯಲ್ಲಿ ದೋಷವಿದ್ದರೆ ತೂಗಿದ್ದೆಲ್ಲವೂ ತಪ್ಪಾಗುವದಷ್ಟೆ. ಪರದೆಯ ಬೆಳಕು ಅತಿಯಾಗಿದ್ದರೆ ಚಿತ್ರದಲ್ಲಿಯೇ ಬೆಳಕು ಹೆಚ್ಚಾಗಿದೆಯೆಂದು ಆಕೆ ಭಾವಿಸಿ ಅದನ್ನು ಮಂಕುಗೊಳಿಸುವಳು. ಕಾಗದದ ಮೇಲೆ ಅಚ್ಚಾಗಿ ಬಂದಾಗ ಮದುಮಗಳ ಮುಖವು ಕಪ್ಪಾಗಿ ಕಾಣುವದು. ಪರದೆಯು ನೀಲಿಯ ಕಡೆಗೆ ವಾಲಿದ್ದರೆ ಆಕೆಯು ತನಗರಿಯದೆಯೇ ಹಳದಿಯನ್ನು ಹೆಚ್ಚಿಸುವಳು. ಪುನಃ ಅಚ್ಚುಹಾಕಿಸುವ ವೆಚ್ಚವೂ ಗಿರಾಕಿಯ ಅಸಮಾಧಾನವೂ ಕಡೆಗೆ ಆಕೆಯ ಪಾಲಿಗೇ ಬರುವವು.

ಆದಕಾರಣ ಅಂಗಡಿಯಲ್ಲಿ ಅಗಲವನ್ನೂ ಥಳಕನ್ನೂ ನೋಡುವದಕ್ಕಿಂತ ಮುಂಚೆ ಪ್ಯಾನೆಲು ಯಾವ ಬಗೆಯದೆಂದು ಕೇಳತಕ್ಕದ್ದು. ಟಿ.ಎನ್. ಎಂಬ ಬಗೆಯಲ್ಲಿ ತಲೆಯನ್ನು ಕೊಂಚ ಮೇಲೆ ಕೆಳಗೆ ಮಾಡಿದರೂ ಬಣ್ಣವು ಬದಲಾಗುವದು. ವಿ.ಎ. ಎಂಬದರಲ್ಲಿ ಕಪ್ಪು ಗಾಢವಾಗಿದ್ದರೂ ಪಕ್ಕದಿಂದ ನೋಡಿದಾಗ ನೆರಳಿನ ಛಾಯೆಗಳು ಸ್ಥಿರವಾಗಿರುವದಿಲ್ಲ. ಐ.ಪಿ.ಎಸ್. ಎಂಬದರ ಕಪ್ಪು ಅಷ್ಟು ಗಾಢವಲ್ಲವಾದರೂ ಬಣ್ಣಗಳು ಹೆಚ್ಚಾಗಿ ಕದಲವು. ಈ ಕೆಲಸಕ್ಕೆ ಇದೇ ಯೋಗ್ಯವು.

ಎರಡನೆಯದಾಗಿ, ಬಣ್ಣಗಳ ವ್ಯಾಪ್ತಿಯನ್ನು ವಿಚಾರಿಸಬೇಕು. ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ವರ್ಣಪ್ರಮಾಣವು 1999ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಇದರಲ್ಲಿ ನೂರಕ್ಕೆ 95ರಷ್ಟನ್ನಾದರೂ ತೋರಿಸುವ ಮಾನಿಟರನ್ನು ಆರಿಸತಕ್ಕದ್ದು. ಕೆಲವು ವಿವರಪತ್ರಗಳಲ್ಲಿ ಇದರ ಬದಲು ಎನ್‌ಟಿಎಸ್‌ಸಿ ಎಂಬ ಲೆಕ್ಕವಿರುವದು. ಅದರಲ್ಲಿ ನೂರಕ್ಕೆ 72 ಎಂದಿದ್ದರೆ ವಿಸ್ತಾರದಲ್ಲಿ ಎಸ್‌ಆರ್‌ಜಿಬಿಗೆ ಸುಮಾರು ಸಮವು; 45 ಎಂದಿದ್ದರೆ ಅದನ್ನು ಬಿಟ್ಟುಬಿಡುವದು ಲೇಸು.

ಮೂರನೆಯದು ಗಾತ್ರವು. 24 ಅಂಗುಲದ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಅಂಗುಲಕ್ಕೆ ಸುಮಾರು 92 ಚುಕ್ಕೆಗಳಾಗುವವು. ಅಷ್ಟೇ ಚುಕ್ಕೆಗಳನ್ನು 27 ಅಂಗುಲಕ್ಕೆ ಹರಡಿದರೆ 82ಕ್ಕೆ ಇಳಿದು ಚಿತ್ರವು ಒರಟಾಗುವದು. ಹಣ ಸ್ವಲ್ಪವಿದ್ದವರಿಗೆ 24 ಅಂಗುಲವೇ ಸಾಕು. ಕ್ಷಣಕ್ಕೆ 144 ಸಾರಿ ಚಿತ್ರವು ಬದಲಾಗುವದೆಂಬ ಹೆಗ್ಗಳಿಕೆಯು ಆಟವಾಡುವವರಿಗೆ ಬೇಕಾದದ್ದು. ನಿಂತ ಚಿತ್ರವನ್ನು ತಿದ್ದುವವರಿಗೆ ಅದರಿಂದ ಪ್ರಯೋಜನವಿಲ್ಲ.

ಕೊಂಡ ಮೇಲೆ ಅದನ್ನು ಅಣಿಗೊಳಿಸುವ ಕೆಲಸವು ಅಷ್ಟೇ ಮುಖ್ಯವು. ಇದಕ್ಕೆ ಹಣವು ಬೇಕಿಲ್ಲ, ತಾಳ್ಮೆ ಬೇಕು. ಕಿಟಕಿಯು ಪರದೆಯ ಹಿಂದಾಗಲಿ ಎದುರಿಗಾಗಲಿ ಇರದೆ ಪಕ್ಕದಲ್ಲಿರಲಿ. ಮಾನಿಟರನ್ನು ಹೊತ್ತಿಸಿ ಅರ್ಧ ಗಂಟೆ ಕಾಯತಕ್ಕದ್ದು. ಬೆಳಕನ್ನು ತಾನಾಗಿ ಏರಿಳಿಸುವ ಏರ್ಪಾಡನ್ನೂ ಕಣ್ಣಿಗೆ ಹಿತವೆಂದು ನೀಲಿಯನ್ನು ಕುಗ್ಗಿಸುವ ಏರ್ಪಾಡನ್ನೂ ನಿಲ್ಲಿಸಬೇಕು. ಬಿಳುಪನ್ನು 6500 ಕೆಲ್ವಿನ್‌ಗೂ ಗ್ಯಾಮಾವನ್ನು 2.2ಕ್ಕೂ ಇಡತಕ್ಕದ್ದು. ಬಳಿಕ ಅಚ್ಚಿನ ಕಾಗದದಂಥ ಬಿಳಿಯ ಹಾಳೆಯೊಂದನ್ನು ಪರದೆಯ ಪಕ್ಕದಲ್ಲಿ ಹಿಡಿದು, ಪರದೆಯ ಬಿಳುಪು ಆ ಹಾಳೆಯ ಬಿಳುಪಿಗೆ ಸಮನಾಗುವ ವರೆಗೆ ಬೆಳಕನ್ನು ತಗ್ಗಿಸುತ್ತಾ ಬರಬೇಕು. ಮೊದಲು ಇದು ಮಂಕಾಗಿ ತೋರಿದರೂ ಕಣ್ಣು ಬೇಗನೆ ಒಗ್ಗಿಕೊಳ್ಳುವದು. ಕಪ್ಪಿನಿಂದ ಬಿಳುಪಿನ ವರೆಗೆ ಮೆಟ್ಟಲು ಮೆಟ್ಟಲಾದ ಬೂದುಬಣ್ಣದ ಪಟ್ಟಿಯನ್ನು ಪರದೆಯ ಮೇಲೆ ತರಿಸಿ, ಎರಡು ಕೊನೆಗಳಲ್ಲಿಯೂ ಮೆಟ್ಟಲುಗಳು ಬೇರೆ ಬೇರೆಯಾಗಿ ಕಾಣುವವೋ ಎಂದು ಪರೀಕ್ಷಿಸತಕ್ಕದ್ದು.

ಪರದೆಯ ಬಣ್ಣವನ್ನಳೆಯುವ ಕಲರಿಮೀಟರ್ ಎಂಬ ಉಪಕರಣದಿಂದ ಇದೆಲ್ಲವೂ ಇನ್ನೂ ಕರಾರುವಾಕ್ಕಾಗುವದು. ಅದು ದಿನವೂ ಬೇಕಾಗುವ ವಸ್ತುವಲ್ಲ, ತಿಂಗಳಿಗೊಮ್ಮೆ ಸಾಕು. ಆದಕಾರಣ ಒಂದೇ ಊರಿನ ಮೂವರು ನಾಲ್ವರು ಗೆಳತಿಯರು ಕೂಡಿ ಒಂದನ್ನು ಕೊಂಡರೆ ಎಲ್ಲರಿಗೂ ಒದಗುವದು. ಅದನ್ನು ನಡಿಸುವ ಆರ್ಗಿಲ್ ಸಿಎಂಎಸ್ ಎಂಬ ತಂತ್ರಾಂಶವು ಬಿಟ್ಟಿಯಾಗಿಯೇ ದೊರೆಯುವದು.

ಕಡೆಯದಾಗಿ, ದೊಡ್ಡ ಕೆಲಸವನ್ನು ಒಪ್ಪಿಕೊಳ್ಳುವ ಮುಂಚೆ ಮನುಷ್ಯರ ಮುಖಗಳುಳ್ಳ ಒಂದು ಚಿತ್ರವನ್ನು ತಿದ್ದಿ, ಬಣ್ಣವನ್ನು ತಾವಾಗಿ ಬದಲಿಸಬಾರದೆಂದು ಹೇಳಿ ಅಚ್ಚುಹಾಕಿಸಿ, ಹಗಲಿನ ಬೆಳಕಿನಲ್ಲಿ ಪರದೆಯೊಡನೆ ಹೋಲಿಸಿ ನೋಡಿರಿ. ಎರಡೂ ಒಂದನ್ನೊಂದು ಹೋತರೆ ನಿಮ್ಮ ತಕ್ಕಡಿಯು ಸರಿಯಾಗಿದೆಯೆಂದು ತಿಳಿಯಬಹುದು. ಮಗಳ ಉದ್ಯೋಗಕ್ಕಾಗಿ ಹಣ ಕೂಡಿಸುವ ತಾಯಿತಂದೆಗಳು ಪರದೆಯ ಅಗಲಕ್ಕೆ ಮೀಸಲಿಟ್ಟದ್ದರಲ್ಲಿ ಸ್ವಲ್ಪವನ್ನು ಇಂಥ ಪರೀಕ್ಷೆಗೆ ಉಳಿಸುವದು ವಿವೇಕವು.