ಹಬ್ಬದ ಕಾಲದ ವಿನೋದ ಪ್ರಚಾರವೂ ಅಂತರ್ಜಾಲದ ಸಂತೆಯೂ

ಜಾತ್ರೆಯಲ್ಲಿ ಎಲ್ಲರ ಸರಕೂ ಒಂದೇ ತೆರನಾಗಿರುವಾಗ, ನಗಿಸುತ್ತ ಕೂಗಿ ಕರೆಯುವ ವರ್ತಕನ ಮುಂದೆ ಜನ ಮೊದಲು ನೆರೆಯುವುದು ಗ್ರಾಮ ಮುಖ್ಯಸ್ಥರೆಲ್ಲರೂ ಕಂಡಿರತಕ್ಕ ವಿಷಯವೇ. ಹೆಚ್ಚು ಹಣ ವ್ಯಯಮಾಡದೆ, ಯುಕ್ತಿಯಿಂದಲೂ ವಿನೋದದಿಂದಲೂ ಗಿರಾಕಿಗಳ ಗಮನವನ್ನು ಸೆಳೆಯುವ ಈ ಕ್ರಮಕ್ಕೆ ಗೆರಿಲ್ಲಾ ಮಾರ್ಕೆಟಿಂಗ್ ಎಂದು ಹೆಸರು. ಅಮೆರಿಕದ ಜೇ ಕಾನ್ರಾಡ್ ಲೆವಿನ್ಸನ್ ಎಂಬವರು 1984ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ರೂಢಿಗೆ ಬಂದಿತು. ಸಣ್ಣ ದಂಡು ಬಯಲಿನಲ್ಲಿ ಇದಿರಾಗದೆ ಮರೆಯಿಂದ ಬಂದೆರಗುವಂತೆ, ಅಲ್ಪ ಬಂಡವಾಳದವನು ದೊಡ್ಡ ವರ್ತಕನೊಡನೆ ಸ್ಪರ್ಧಿಸುವ ಉಪಾಯವೆಂದು ಇದರ ಭಾವ.

ಬೆಂಗಳೂರಿನಲ್ಲಿ 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬವರು ಫ್ಲಿಪ್‌ಕಾರ್ಟ್ ಎಂಬ ಅಂತರ್ಜಾಲದ ಅಂಗಡಿಯನ್ನು ತೆರೆದರು. ಆಗ ಅವರು ಮಾರುತ್ತಿದ್ದುದು ಪುಸ್ತಕಗಳನ್ನು ಮಾತ್ರ. ಜಾಹೀರಾತಿಗೆ ಹಣವಿಲ್ಲದುದರಿಂದ, ಪುಸ್ತಕದಂಗಡಿಯ ಹೊರಗೆ ತಾವೇ ನಿಂತು, ಪುಟಗಳ ನಡುವೆ ಗುರುತಿಗಿಡುವ ಚೀಟಿಗಳನ್ನು ಬಂದವರಿಗೆ ಹಂಚಿದರು. ಪುಸ್ತಕ ಕೊಳ್ಳುವವರೇ ಅಲ್ಲಿಗೆ ಬರುತ್ತಿದ್ದುದರಿಂದ ಆ ಚೀಟಿಯೊಂದೂ ವ್ಯರ್ಥವಾಗುವ ಸಂಭವ ಕಡಿಮೆಯಾಗಿದ್ದಿತು.

ಏಳು ವರ್ಷಗಳಲ್ಲಿ ಅದು ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ದಸರಾ ಕಳೆದು ದೀಪಾವಳಿ ಸಮೀಪಿಸುತ್ತಿದ್ದ 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಎಂಬ ರಿಯಾಯಿತಿಯ ಮಾರಾಟವನ್ನು ಸಾರಿತು. ಈಗ ಮರೆಯಿಂದೆರಗುವ ಸರದಿ ಪ್ರತಿಸ್ಪರ್ಧಿಗಳದಾಯಿತು. ಅಂದು ಸ್ನ್ಯಾಪ್‌ಡೀಲ್ ಸಂಸ್ಥೆಯು, ಇತರರಿಗೆ ಇದು ದೊಡ್ಡ ದಿನ, ತನಗಾದರೋ ಎಂದಿನಂತೆಯೇ ಒಂದು ದಿನ ಎಂಬರ್ಥದ ಜಾಹೀರಾತಿನಿಂದ ಹಾಸ್ಯಮಾಡಿತು. ಅದೂ ಅಲ್ಲದೆ, ಆ ಮಾರಾಟದ ಹೆಸರನ್ನೇ ಅಂತರ್ಜಾಲದ ವಿಳಾಸವಾಗಿ ಬರೆದವರು ಅಮೆಜಾನಿನ ಅಂಗಡಿಯನ್ನು ಸೇರುತ್ತಿದ್ದರೆಂದು ವೃತ್ತಪತ್ರಿಕೆಗಳು ವರದಿಮಾಡಿದವು. ಡಂಗುರ ಒಬ್ಬನದು, ಗಿರಾಕಿ ಮತ್ತೊಬ್ಬನಿಗೆ ಎಂಬಂತಾಯಿತು.

ಆ ದಿನ ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ವ್ಯಾಪಾರವಾಯಿತೆಂದು ಫ್ಲಿಪ್‌ಕಾರ್ಟ್ ತಿಳಿಸಿತು. ಆದರೆ ಗಿರಾಕಿಗಳ ನೂಕುನುಗ್ಗಲಿನಿಂದ ಯಂತ್ರವ್ಯವಸ್ಥೆ ತಡವರಿಸಿತು, ಸರಕು ಮುಗಿದುಹೋಯಿತು, ಕೆಲವರ ಬೇಡಿಕೆಗಳು ರದ್ದಾದವು. ಮರುದಿನವೇ ಸ್ಥಾಪಕರಿಬ್ಬರೂ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೋರಬೇಕಾಯಿತು.

ಇದರಿಂದ ಜಮೀನುದಾರರು ಗ್ರಹಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಪ್ರಚಾರವು ಕೊಳ್ಳುವವರು ಸೇರುವ ಸ್ಥಳದಲ್ಲಿಯೇ ನಡೆಯತಕ್ಕದ್ದು. ಸಂಕ್ರಾಂತಿಗೆ ಬೆಲ್ಲವನ್ನು ಅಂತರ್ಜಾಲದಲ್ಲಿ ಮಾರಬಯಸುವವರು, ಪಟ್ಟಣದ ಹಬ್ಬದ ಸಂತೆಯಲ್ಲಿ ಒಂದು ಒಗಟನ್ನೂ ತಮ್ಮ ವಿಳಾಸವನ್ನೂ ಅಚ್ಚುಹಾಕಿಸಿದ ಸಣ್ಣ ಪೊಟ್ಟಣಗಳನ್ನು ಹಂಚಬಹುದು. ಇದಕ್ಕೆ ತಗಲುವ ವೆಚ್ಚ ಸ್ವಲ್ಪವೇ. ಎರಡನೆಯದಾಗಿ, ಮಾರಾಟದ ಹೆಸರನ್ನು ಸಾರುವುದಕ್ಕೆ ಮುಂಚೆಯೇ ಆ ಹೆಸರಿನ ಅಂತರ್ಜಾಲ ವಿಳಾಸವನ್ನು ತಮ್ಮದಾಗಿ ನೋಂದಾಯಿಸಿಕೊಳ್ಳಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಣಜದಲ್ಲಿರುವ ಸರಕನ್ನು ತೂಗಿ, ಸಾಗಿಸುವ ಏರ್ಪಾಡನ್ನು ನಿಶ್ಚಯಿಸಿಕೊಂಡು, ಅಷ್ಟಕ್ಕೆ ಮಾತ್ರ ಬೇಡಿಕೆಯನ್ನು ಒಪ್ಪಿಕೊಳ್ಳಬೇಕು. ಹಬ್ಬ ಮುಗಿದ ಮೇಲೆ ತಲಪಿದ ಎಳ್ಳುಬೆಲ್ಲದಿಂದ ಯಾರಿಗೂ ಪ್ರಯೋಜನವಿಲ್ಲ.

ವಿನೋದವು ಗಿರಾಕಿಯನ್ನು ಬಾಗಿಲವರೆಗೆ ತರಬಲ್ಲುದು. ಮರುವರ್ಷವೂ ಆತನು ಬರುವಂತೆ ಮಾಡುವುದು ಸರಿಯಾದ ತೂಕ, ಶುದ್ಧವಾದ ಸರಕು ಮತ್ತು ಕಾಲಕ್ಕೆ ಸಲ್ಲುವ ಮಾತು. ಒಬ್ಬನು ಮಾತಿಗೆ ತಪ್ಪಿದರೆ ಊರಿನ ಸರಕಿಗೇ ಅಪಖ್ಯಾತಿ ಬರುವುದಾದ್ದರಿಂದ, ಗ್ರಾಮ ಮುಖ್ಯಸ್ಥರು ಈ ವಿಷಯದಲ್ಲಿ ಬೆಳೆಗಾರರಿಗೆ ಮುಂಚಿತವಾಗಿಯೇ ತಿಳಿವಳಿಕೆ ಕೊಡುವುದು ಯುಕ್ತವು.